ಒಣಗದ ಹಲಗೆ

ಜೂನ್ 2, 2018, ಗದ್ವಾಲ.

ಇಲ್ಲಿಯ ಹೊಸ ರಾಜ್ಯ ಹುಟ್ಟಿದ ದಿನವೆಂದು ಹೊರಗೆ ಇನ್ನೂ ಪಟಾಕಿ. ನನ್ನ ತಲೆಯಲ್ಲಿ ಆ ಒಂದೇ ಹಲಗೆ.

ನಮ್ಮ ಕೂಸನ್ನು ಮಣ್ಣು ಮಾಡಿದ ಜಾಗದಲ್ಲಿ ನೆಟ್ಟ ಬೇವು ಗಾಳಿಗೆ ಬಿದ್ದು ಎರಡು ಬೇಸಿಗೆ ಕಳೆದವು. ಅದನ್ನೇ ಕೊಯ್ದು ಮನೆಗೆ ಬಾಗಿಲು ಮಾಡೋಣವೆಂದು ಹಲಗೆಗಳನ್ನು ಶೆಡ್ಡಿನಲ್ಲಿ ಆರಲು ನಿಲ್ಲಿಸಿದ್ದೆ. ತೇವ ನೋಡುವ ಮೀಟರು ಎಲ್ಲಕ್ಕೂ ಶೇಕಡಾ ಹನ್ನೊಂದು ತೋರಿಸುತ್ತದೆ, ಮರದ ಬುಡದಿಂದ ಕೊಯ್ದ ಹಲಗೆಗೆ ಮಾತ್ರ ಇಪ್ಪತ್ತೆಂಟು. ಹಾಳು ಮೀಟರೆಂದು ಬೈದು ಇವತ್ತು ರಾಯಚೂರಿನಿಂದ ಸೂಜಿ ಚುಚ್ಚಿ ನೋಡುವ ಹೊಸದನ್ನು ತಂದೆ. ಜೊತೆಗೆ ಬಾಗಿಲಿನ ಅಂಚು ಕೊರೆಯಲು ರೌಟರ್ ಯಂತ್ರಕ್ಕೆ ಹಾಕುವ ಅಲಗು. ಹೊಸ ಮೀಟರೂ ಅದನ್ನೇ ಹೇಳಿತು.

ಹಿಂದೆ ಹೆಂಡತಿ ಶಿವಗಂಗಾ ನಿಂತಿದ್ದಳು, ಕೈಯಲ್ಲಿ ತಂಬಿಗೆ.

"ಮೀಟರ್ ಚಲೋ ಐತ್ರಿ. ನಾನ ದಿನಾ ಅದಕ್ಕ ನೀರ ಹಾಕತೀನಿ."

"ಗಿಡ ಬಿದ್ದು ಎರಡ ವರ್ಷ ಆತಲ್ಲ!"

"ಗಿಡ ಬಿದ್ದರ ಕೂಸಿನ ನೀರಡಿಕಿ ಹೋಗತೈತೇನ್ರಿ?"

ನಾನು ಹೊಸ ಅಲಗನ್ನು ಡಬ್ಬಿಗೆ ಹಾಕಿ ಮುಚ್ಚಿದೆ. ಅವಳು ತಂಬಿಗೆಯನ್ನು ಹೊಸ್ತಿಲಲ್ಲೇ ಇಟ್ಟು ಒಳಗೆ ಹೋದಳು. ಈಗ ಮಲಗಿದ್ದಾಳೆ. ತಂಬಿಗೆ ತುಂಬಿಯೇ ಇದೆ. ಹಲಗೆಗೆ ಇವತ್ತು ನೀರು ಬಿದ್ದಿಲ್ಲ. ಎದ್ದು ಹೋಗಿ ನಾನೇ ಹಾಕಿ ಬರುತ್ತೇನೆ.