ವಾಚಿನೊಳಗಿನ ವಿಭೂತಿ

ಶಲವಡಿ, ೧೨ ಅಕ್ಟೋಬರ್ ೧೯೭೪, ಶನಿವಾರ

ವಾಚು ನಡೆಯುತ್ತಿದೆ! ಬರೆಯುವುದನ್ನು ಬಿಟ್ಟು ಮತ್ತೆ ಮತ್ತೆ ಕಿವಿಗೆ ಹಿಡಿಯುತ್ತಿದ್ದೇನೆ.

ಶಾಲೆಯ ನೌಕರಿ ಸಿಕ್ಕಾಗ ಅಪ್ಪ ಹುಬ್ಬಳ್ಳಿಯಿಂದ ತಂದುಕೊಟ್ಟ ನನ್ನ ಮೊದಲ ವಾಚು. ಅವನ ಕೈಯಿಂದ ನನಗೆ ಬಂದ ಕೊನೆಯ ವಸ್ತುವೂ ಅದೇ. ಹೋದ ವರ್ಷ ದಸರೆಯ ಖಂಡೆಪೂಜೆಯ ದಿನ ಅವ್ವ ಅದನ್ನೂ ಕುಡಗೋಲು, ಕೊಡಲಿಗಳ ಸಾಲಿನಲ್ಲಿಟ್ಟು, ತಂಬಿಗೆ ನೀರಿನಿಂದ ತೊಳೆದು, ಮೈತುಂಬ ವಿಭೂತಿ ಬಳಿದಿದ್ದಳು. ಅಂದೇ ನಿಂತಿತು. ನಾನು ಬೈಯಲಿಲ್ಲ, ಅತ್ತುಬಿಟ್ಟೆ ಅಷ್ಟೇ. ಅಂದಿನಿಂದ ಅವ್ವ ನನ್ನ ಮೇಜಿನ ಧೂಳನ್ನೂ ಒರೆಸಿಲ್ಲ. ಅದೇ ನನ್ನನ್ನು ಕೊರೆಯುತ್ತಿತ್ತು.

ಇವತ್ತು ಮುಂಜಾನೆಯ ಶಾಲೆ ಮುಗಿಸಿ ನವಲಗುಂದಕ್ಕೆ ಹೋದೆ. ಹೋದ ವಾರ ರಿಪೇರಿಗೆ ಕೊಟ್ಟಿದ್ದ ವಾಚನ್ನು ಮೌಲಾಸಾಬ ಕಾಕಾ ಕೈಗಿಟ್ಟು ನಕ್ಕರು.

"ಒಳಗೆಲ್ಲಾ ವಿಭೂತಿ ಇತ್ರಿ ಅಕ್ಕಾರ. ಎಲ್ಲಾ ತಗದೀನಿ. ಹಿಂದಿನ ಮುಚ್ಚಳದ ಮ್ಯಾಲ ಬೆಳ್ಳಗ ಒಂದೀಟ ಗುರ್ತ ಉಳದೈತಿ. ತಿಕ್ಕಲೇನ್ರಿ?"

"ಬ್ಯಾಡ್ರಿ ಕಾಕಾ, ಇರಲಿ ಬಿಡ್ರಿ" ಅಂದೆ. ಅದು ಅವ್ವನ ಬೆರಳಿನದು.

ಮನೆಗೆ ಬಂದವಳೇ ಅವ್ವನ ಕಿವಿಗೆ ಹಿಡಿದೆ. ಅವಳಿಗೆ ಗಂಟೆ ನೋಡಲು ಬರುವುದಿಲ್ಲ. ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದಳು.

"ನಡ್ಯಾಕತ್ತೈತಿ ನನ್ನವ್ವಾ!" ಅಂದವಳು ಮುಟ್ಟಲು ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. "ಈ ಸಲ ಪೂಜಿಗೆ ಇದನ್ನ ಇಡೂದ ಬ್ಯಾಡ."

"ಇಡೂಣು ಬೇ. ನೀರು ಬ್ಯಾಡ, ವಿಭೂತಿ ಬ್ಯಾಡ. ಒಂದ ಹೂವು ಸಾಕು."

ಅವ್ವ ಹೋಗಿ ಮಲಗಿದಳು. ನಿದ್ದೆ ಹತ್ತಿರಬೇಕು ಅಂದುಕೊಂಡಿದ್ದೆ. ಈಗ ಕತ್ತಲೊಳಗಿಂದಲೇ ಕೇಳುತ್ತಿದ್ದಾಳೆ:

"ಬೆಲ್ಟಿಗಾದ್ರೂ ಒಂದೀಟ ವಿಭೂತಿ ಹಚ್ಚಲೇನ?"