ತಲೆಯ ಬಳಿ ದೀಪವಿಟ್ಟು ನಿದ್ದೆ ಕಲಿಸಿದವರಿಗೆ

ಸುಖನಿದ್ರಾ ಅಭಿಯಾನದ ಮಾನ್ಯ ಮುಖ್ಯಾಧಿಕಾರಿಗಳೇ,

ಕಾರ್ಕಳದ ಬಸ್ ನಿಲ್ದಾಣದ ಎದುರು ನೀವು ಕಟ್ಟಿಸಿರುವ ಬ್ಯಾನರಿನಲ್ಲಿ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿರುವ ಹೆಂಗಸು ನಾನು. ಜೀವಂತ ಇದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆ ಚಿತ್ರ ನೋಡಿದವರಿಗೆಲ್ಲ ಹಾಗೆ ಅನ್ನಿಸಿಲ್ಲ. ನನ್ನ ಒಬ್ಬಳೇ ಮಗಳಿಗೆ ಅನ್ನಿಸಲಿಲ್ಲ. ಬಹ್ರೈನಿನಲ್ಲಿ ಸೈರನ್ ಕೂಗುತ್ತಿದ್ದ ಹೊತ್ತಿನಲ್ಲಿ ಅವಳು ಆ ಚಿತ್ರ ನೋಡಿ, ಅಮ್ಮ ಸತ್ತಳೆಂದು ನಂಬಿ, ಬೀದಿಗೆ ಓಡಿದಳು. ಅಂದಿನಿಂದ ಅವಳಿಗೆ ನಿದ್ದೆಯಿಲ್ಲ. ನಿದ್ದೆ ಕೊಡುವುದಕ್ಕೆಂದೇ ಸ್ಥಾಪನೆಯಾದ ಅಭಿಯಾನವೊಂದು ಸಮುದ್ರದ ಆಚೆಗಿನವರ ನಿದ್ದೆಯನ್ನೂ ಕಿತ್ತುಕೊಳ್ಳಬಲ್ಲದೆಂದು ನಾನು ತಿಳಿದಿರಲಿಲ್ಲ. ನಿಮ್ಮ ಕಾರ್ಯವ್ಯಾಪ್ತಿ ದೊಡ್ಡದು.

ಇದನ್ನು ಮೊದಲು ನಿಮಗೆ ಖಾಸಗಿಯಾಗಿಯೇ ಬರೆದಿದ್ದೆ. ಉತ್ತರವಾಗಿ ‘ಉತ್ತಮ ನಿದ್ರೆಗೆ ಸರಳ ಸೂತ್ರಗಳು’ ಎಂಬ ಬಣ್ಣದ ಕರಪತ್ರ ಬಂತು. ಬಹುಶಃ ತಪ್ಪಿ ಬಂದಿರಬೇಕೆಂದು ಇನ್ನೊಮ್ಮೆ ಬರೆದೆ. ಅದೇ ಕರಪತ್ರ ಇನ್ನೊಮ್ಮೆ ಬಂತು. ಆದ್ದರಿಂದ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಾನು ಉದ್ಯಾವರದವಳು, ಎಸ್ಸೆಸ್ಸೆಲ್ಸಿಯವರೆಗೆ ಓದಿದವಳು. ಹೆಚ್ಚು ಮಾತಾಡುವ ಜಾತಿಯವಳಲ್ಲ. ದಿನದ ಕೊನೆಗೆ ನಾಲ್ಕು ಸಾಲು ಬರೆದಿಟ್ಟುಕೊಳ್ಳುವ ಅಭ್ಯಾಸವಿರುವುದರಿಂದ ಬರವಣಿಗೆಗೆ ಹೆದರುವುದಿಲ್ಲ, ಅಷ್ಟೇ.

ನಿಮಗೆ ನಮ್ಮ ಕಡೆಯ ಒಂದು ಪದ್ಧತಿ ಗೊತ್ತಿಲ್ಲವೆಂದು ಕಾಣುತ್ತದೆ. ಗೊತ್ತಿದ್ದರೆ ಆ ಫೋಟೋ ತೆಗೆಸುತ್ತಿರಲಿಲ್ಲ. ಕರಾವಳಿಯ ಮನೆಯೊಂದರಲ್ಲಿ ಸಾವಾದರೆ ಮೃತರನ್ನು ಚಾವಡಿಯಲ್ಲಿ ಚಾಪೆ ಹಾಸಿ ಮಲಗಿಸುತ್ತೇವೆ. ತಲೆಯ ಬಳಿ ದೀಪ ಹಚ್ಚುತ್ತೇವೆ. ಇದು ಹಳೆಯ ಕ್ರಮ. ಇದರ ಜೊತೆಗೆ ಈಚಿನ ವರ್ಷಗಳಲ್ಲಿ ಇನ್ನೊಂದು ಸೇರಿಕೊಂಡಿದೆ. ಸಂಬಂಧಿಕರಲ್ಲಿ ಯಾರಾದರೂ ಒಬ್ಬ ಹುಡುಗ, ಯಾರೂ ಹೇಳದೆಯೇ ಮುಂದೆ ಬಂದು, ಆ ಮುಖದ ಒಂದು ಫೋಟೋ ತೆಗೆದು ಕೊಲ್ಲಿಯಲ್ಲಿರುವ ಮಕ್ಕಳಿಗೆ ಕಳುಹಿಸುತ್ತಾನೆ. ಜೊತೆಗೆ ಅಕ್ಷರ ಬರೆಯುವುದಿಲ್ಲ. ಬರೆಯಲಿಕ್ಕೆ ಏನಿರುತ್ತದೆ? ಕೈಮುಗಿದ ಒಂದು ಗುರುತು ಹಾಕುತ್ತಾನೆ. ವಿಮಾನ ಸಿಗದ ಮಗ, ರಜೆ ಸಿಗದ ಮಗಳು ಅಲ್ಲಿ ಆ ಪರದೆಯ ಮೇಲೆಯೇ ಕೊನೆಯ ಸಲ ಮುಖ ನೋಡುತ್ತಾರೆ. ಚಾಪೆ, ದೀಪ, ಮುಚ್ಚಿದ ಕಣ್ಣು. ನೋಡಿದ ಕೂಡಲೇ ಗೊತ್ತಾಗುತ್ತದೆ. ಕೇಳಬೇಕಾದ್ದಿಲ್ಲ.

ನನ್ನ ಗಂಡ ಕರುಣಾಕರ ಕೊರೊನಾದ ಎರಡನೆಯ ಅಲೆಯಲ್ಲಿ ಹೋದರು. ಅವರಿಗೆ ಚಾಪೆಯೂ ಇಲ್ಲ, ದೀಪವೂ ಇಲ್ಲ. ಸುತ್ತಿ ಕಟ್ಟಿದ್ದನ್ನು ದೂರದಿಂದ ತೋರಿಸಿದರು, ಇವರೇ ಎಂದು ಹೇಳಿದರು, ನಾನು ಹೌದೆಂದೆ. ನಾದಿನಿಯ ಮಗ ಹರ್ಷಿತ್ ಫೋನ್ ಹಿಡಿದುಕೊಂಡು ನಿಂತಿದ್ದ. ಮುಖ ತೆರೆಯುವ ಹಾಗಿರಲಿಲ್ಲ. ಮಗಳು ಪ್ರಣೀತಾ ಬಹ್ರೈನಿನ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ವಿಮಾನ ಸಂಚಾರ ನಿಂತಿತ್ತು. “ಒಂದು ಫೋಟೋ ಸಾಕಮ್ಮ, ಮಸುಕಾದ್ರೂ ಅಡ್ಡಿ ಇಲ್ಲ” ಎಂದು ಅವಳು ಬೇಡುತ್ತಿದ್ದಳು. ಕಳುಹಿಸಲು ನನ್ನ ಬಳಿ ಏನೂ ಇರಲಿಲ್ಲ. ತಂದೆ ಸತ್ತದ್ದನ್ನು ಅವಳು ಈವತ್ತಿಗೂ ಪೂರ್ತಿ ನಂಬಿಲ್ಲ. ಆ ದಿನಗಳಲ್ಲಿ ಯಾರಿಗೆ ಫೋನ್ ಮಾಡಿದರೂ ಮೊದಲು ಧ್ವನಿಮುದ್ರಿಕೆಯೊಂದು ಧೈರ್ಯ ಹೇಳುತ್ತಿತ್ತು. ನಿಮ್ಮಂಥ ಕಚೇರಿಗಳ ಪ್ರೀತಿ ನಮಗೆ ಯಾವಾಗಲೂ ಮುದ್ರಿತ ಧ್ವನಿಯಲ್ಲೇ ಸಿಕ್ಕಿದೆ.

ಆಮೇಲೆ ರೋಗ ಹೋಯಿತು, ನಿದ್ದೆ ಬರಲಿಲ್ಲ. ನಿದ್ದೆ ಬರುವಷ್ಟರಲ್ಲಿ ಯುದ್ಧ ಬಂತು. ಕೊಲ್ಲಿಯ ಆಕಾಶದಲ್ಲಿ ಕ್ಷಿಪಣಿ ಹಾರತೊಡಗಿದ ಮೇಲೆ ಉದ್ಯಾವರದಿಂದ ಕಾಪುವಿನವರೆಗೆ ಎಷ್ಟು ಮನೆಗಳಲ್ಲಿ ತಾಯಂದಿರು ಫೋನನ್ನು ದಿಂಬಿನ ಮೇಲಿಟ್ಟುಕೊಂಡು ಕುಳಿತಿದ್ದರೋ ನನಗೆ ಗೊತ್ತಿಲ್ಲ, ನಿಮಗಂತೂ ಗೊತ್ತಿಲ್ಲ. ಪ್ರಣೀತಾ ಮತ್ತು ಅವಳ ಜೊತೆಗಿದ್ದು ಅದೇ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಕಾರ್ಕಳದ ಹುಡುಗಿ ಆಂಜೆಲಾ ಸೈರನ್ ಕೇಳಿದಾಗಲೆಲ್ಲ ಕಟ್ಟಡದ ಕೆಳಗಿನ ಅಂತಸ್ತಿಗೆ ಇಳಿಯುತ್ತಿದ್ದರು. ಇಳಿಯುವಾಗ ಒಂದು ಕರೆ, ಹತ್ತಿದ ಮೇಲೆ ಒಂದು ಕರೆ. ಎರಡರ ನಡುವೆ ನಾನು ಫೋನನ್ನು ಕೈಯಿಂದ ಕೆಳಗಿಡುತ್ತಿರಲಿಲ್ಲ.

ಅಂಥ ವಾರದಲ್ಲಿ ನೀವು ಕಾಪುವಿನ ಸಭಾಭವನದಲ್ಲಿ ಶಿಬಿರ ಇಟ್ಟಿರಿ. ಪಕ್ಕದ ಮನೆಯ ಸೌದಾಳ ಮಗ ಅನ್ಸಾರನೂ ಬಹ್ರೈನಿನಲ್ಲೇ ಇರುವುದು. ನಾವಿಬ್ಬರೂ ಬಸ್ಸು ಹತ್ತಿ ಬಂದೆವು. ನಿಮ್ಮ ಶಿಬಿರವನ್ನು ಪೂರ್ತಿ ಹಳಿಯುವ ಮನಸ್ಸು ನನಗಿಲ್ಲ. ಉದ್ಘಾಟನೆ, ಪ್ರಾಸ್ತಾವಿಕ, ಅತಿಥಿಗಳ ನುಡಿ, ಅಧ್ಯಕ್ಷರ ನುಡಿ ಎಲ್ಲ ಇತ್ತು, ಮತ್ತು ಚಿಕಿತ್ಸೆಯಾಗಿ ಅದು ಬಹಳ ಪರಿಣಾಮಕಾರಿಯಾಗಿತ್ತು. ಹಿಂದಿನ ಸಾಲಿನವರು ಸಂಪನ್ಮೂಲ ವ್ಯಕ್ತಿ ಏಳುವುದರೊಳಗೆ ಗುಣವಾಗಿ ಮಲಗಿಬಿಟ್ಟಿದ್ದರು.

ಆ ಸಂಪನ್ಮೂಲ ವ್ಯಕ್ತಿ ಹೇಳಿದ್ದೇನು? ಮಲಗುವ ಮೊದಲು ಯುದ್ಧದ ಸುದ್ದಿ ನೋಡಬಾರದು. ಸುದ್ದಿಯೇ ‘ಅಮ್ಮಾ’ ಎಂದು ಫೋನ್ ಮಾಡಿದರೆ ಏನು ಮಾಡಬೇಕು? ಅದನ್ನು ಹೇಳಲಿಲ್ಲ. ಸಮುದ್ರದ ಅಲೆಯನ್ನು ಕಲ್ಪಿಸಿಕೊಳ್ಳಬೇಕು. ನಮ್ಮ ಮನೆಯ ಹಿತ್ತಿಲಿಗೆ ಬಂದರೆ ಕಲ್ಪಿಸಿಕೊಳ್ಳಬೇಕಾಗಿಲ್ಲ, ಕೇಳಿಸುತ್ತದೆ; ಅದರ ಆಚೆಯೇ ಯುದ್ಧ. ಎಲ್ಲಕ್ಕಿಂತ ಮುಖ್ಯ, ಮೊಬೈಲನ್ನು ದೂರ ಇಡಬೇಕು. ಇಷ್ಟು ಹೇಳಿ, ಇಬ್ಬರು ಸ್ವಯಂಸೇವಕರ ಕೈಗೆ ಪ್ಲಾಸ್ಟಿಕ್ ಬುಟ್ಟಿ ಕೊಟ್ಟು ಎಲ್ಲರ ಫೋನು ಸಂಗ್ರಹಿಸಲು ಕಳುಹಿಸಿದರು.

ಸೌದಾ ಕೊಡಲಿಲ್ಲ. “ಇದು ಆಗುದಿಲ್ಲ ಮಗಾ, ನನ್ನ ಅನ್ಸಾರ್ ಫೋನ್ ಮಾಡ್ತಾನೆ. ಅಲ್ಲಿ ಬಾಂಬು ಬೀಳ್ತಾ ಉಂಟು.”

“ಒಂದು ಗಂಟೆ ಅಷ್ಟೇ ಅಮ್ಮ. ಒಂದು ಗಂಟೆಯಲ್ಲಿ ಎಂತ ಆಗ್ತದೆ?”

“ಬಾಂಬಿಗೆ ಒಂದು ಗಂಟೆ ಯಾಕೆ ಮಾರಾಯ?” ಎಂದು ಅವಳು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ಮಾತ್ರ ಕೊಟ್ಟೆ. ಮೈಕಿನಲ್ಲಿ ಹೇಳಿದ್ದಕ್ಕೆ ಎದುರು ಹೇಳಿ ಅಭ್ಯಾಸವಿಲ್ಲ.

ಮುಂದೆ ನಮ್ಮನ್ನು ಚಾಪೆಯಲ್ಲಿ ಅಂಗಾತ ಮಲಗಿಸಿದಿರಿ. ನನಗೆ ಜಾಗ ಇದ್ದದ್ದು ವೇದಿಕೆಯ ಬುಡದಲ್ಲಿ ಮಾತ್ರ. ಉದ್ಘಾಟನೆಯ ಕಾಲುದೀಪ ಇನ್ನೂ ಉರಿಯುತ್ತಾ ನನ್ನ ತಲೆಯ ಪಕ್ಕದಲ್ಲೇ ನಿಂತಿತ್ತು. ಸೌದಾ ಗೋಡೆಗೆ ಒರಗಿ ಕುಳಿತಿದ್ದವಳು, “ಚಂಪಕ್ಕ, ಅಲ್ಲಿಂದ ಸ್ವಲ್ಪ ಸರೀರಿ, ನನಗೆ ನೋಡ್ಲಿಕ್ಕೆ ಆಗುದಿಲ್ಲ” ಎಂದಳು. ಸರಿಯಲು ಜಾಗವಿರಲಿಲ್ಲ. ಕಾಲು ಚಾಚಿ, ಕೈ ಬದಿಗಿಟ್ಟು, ಕಣ್ಣು ಮುಚ್ಚಿದೆ.

ಒಂದು ವಿಷಯದಲ್ಲಿ ನಿಮಗೆ ನ್ಯಾಯ ಸಲ್ಲಿಸಬೇಕು. ನನಗೆ ನಿದ್ದೆ ಬಂತು. ನಿಜವಾದ ನಿದ್ದೆ, ಗಂಡ ಹೋದ ಮೇಲೆ ಬಾರದಂಥದ್ದು. ಅಲೆಯ ಕಲ್ಪನೆಯಿಂದ ಬಂದದ್ದಲ್ಲ. ಯಾಕೆ ಬಂತೆಂದು ಆಮೇಲೆ ಯೋಚಿಸಿದ್ದೇನೆ. ಕೊನೆಗೆ ಹೇಳುತ್ತೇನೆ, ಯಾಕೆಂದರೆ ನಿಮ್ಮಿಂದ ನಾನು ಕೇಳಬೇಕಾದದ್ದು ಅದೇ.

ಮಲಗಿದವಳ ಫೋಟೋವನ್ನು ನಿಮ್ಮವರು ತೆಗೆದು ಅಲ್ಲೇ, ಆಗಲೇ, ಅಭಿಯಾನದ ಪುಟದಲ್ಲಿ ಹಾಕಿದರು. ಕೇಳಲಿಲ್ಲ, ಮಲಗಿದವರನ್ನು ಹೇಗೆ ಕೇಳುವುದು? ಪರ್ಕಳದ ತನ್ನ ಅಂಗಡಿಯಲ್ಲಿ ಕುಳಿತಿದ್ದ ಹರ್ಷಿತ್ ಅದನ್ನು ನೋಡಿ, ನನ್ನ ಭಾಗವನ್ನಷ್ಟೇ ಕತ್ತರಿಸಿ, ಕುಟುಂಬದ ಗ್ರೂಪಿಗೆ ಹಾಕಿದ. ಮಾತಿಲ್ಲ, ಕೈಮುಗಿದ ಗುರುತು. ಅವನನ್ನು ಬೈಯೋಣವೆಂದರೆ, “ಅತ್ತೆ, ನೀವು ಅಷ್ಟು ಚಂದ ಮಲಗಿದ್ದು ನೋಡಿ ಎಷ್ಟು ವರ್ಷ ಆಯ್ತು. ದೇವರಿಗೆ ಕೈ ಮುಗಿದದ್ದು ನಾನು” ಎಂದ. ಏನು ಬೈಯುವುದು?

ಪ್ರಣೀತಾ ಅದನ್ನು ನೋಡಿದ್ದು ಕೆಳಗಿನ ಅಂತಸ್ತಿನಲ್ಲಿ, ಸೈರನ್ನಿನ ನಡುವೆ. ನನಗೆ ಕರೆ ಮಾಡಿದಳು. ಮತ್ತೆ ಮಾಡಿದಳು. ನನ್ನ ಫೋನು ಬುಟ್ಟಿಯಲ್ಲಿ ಸದ್ದಡಗಿಸಿಕೊಂಡು ನಿಮ್ಮ ಸೂತ್ರವನ್ನು ಪಾಲಿಸುತ್ತಿತ್ತು. ಅವಳು ಪಾಸ್‌ಪೋರ್ಟ್ ಹಿಡಿದುಕೊಂಡು ವಿಮಾನ ನಿಲ್ದಾಣಕ್ಕೆ ಹೊರಟುಬಿಟ್ಟಳು. ಮುಚ್ಚಿದ್ದ ವಿಮಾನ ನಿಲ್ದಾಣಕ್ಕೆ, ಎಲ್ಲರೂ ಒಳಗೆ ಅಡಗಿದ್ದ ಹೊತ್ತಿನಲ್ಲಿ. ಹಿಂದೆ ಓಡಿದ ಆಂಜೆಲಾ ದಾರಿಯಲ್ಲೇ ಅನ್ಸಾರನಿಗೆ ಫೋನ್ ಮಾಡಿದಳು, ಅನ್ಸಾರ್ ತನ್ನ ಉಮ್ಮ ಸೌದಾಳಿಗೆ ಮಾಡಿದ.

ನನ್ನನ್ನು ಎಬ್ಬಿಸಿದ್ದು ಸೌದಾಳ ದನಿ. “ಯಾರು? ಚಂಪಕ್ಕನಾ? ಎಲ್ಲಿಗೆ ಹೋಗುದು ಅವಳು? ಇಲ್ಲೇ ಉಂಟಲ್ಲ, ಗೊರಕೆ ಹೊಡಿತಾ ಇದ್ದಾಳೆ. ನಿಲ್ಲು, ಕೇಳಿಸ್ತೇನೆ.”

ಗೊರಕೆಯನ್ನು ಸಾಕ್ಷಿಯಾಗಿ ಕೊಲ್ಲಿಗೆ ಕಳುಹಿಸಬೇಕೆಂದು ಅವಳು ಫೋನನ್ನು ನನ್ನ ಮೂಗಿನ ಬಳಿ ಹಿಡಿದಿದ್ದಳು. ನಾನು ಎದ್ದು, ವಿಷಯ ತಿಳಿದು, ಬುಟ್ಟಿಗೆ ಓಡಿ ಎಲ್ಲರ ಫೋನನ್ನೂ ನೆಲಕ್ಕೆ ಸುರಿದೆ. ಆಗ ನಿಮ್ಮ ಸಂಪನ್ಮೂಲ ವ್ಯಕ್ತಿ ಮೈಕಿನಲ್ಲಿ ಸಭೆಗೆ ಹೇಳಿದ ಮಾತು ನನಗೆ ಸರಿಯಾಗಿ ನೆನಪಿದೆ: “ಗಮನಿಸಿ, ಇದನ್ನೇ ನಾವು ಮೊಬೈಲ್ ವ್ಯಸನ ಎನ್ನುವುದು.”

ನನ್ನ ಫೋನನ್ನು ಹುಡುಕಿ ಮಗಳಿಗೆ ಕರೆ ಮಾಡಿದೆ. ಆಂಜೆಲಾ ಎತ್ತಿದಳು. “ಆಂಟಿ, ನೀವಾ? ನಿಜವಾಗಿ ನೀವಾ? ಇವಳನ್ನು ಹಿಡ್ಕೊಂಡು ನಿಂತಿದ್ದೇನೆ ಆಂಟಿ, ಕಾಲಲ್ಲಿ ಚಪ್ಪಲಿ ಸಹ ಇಲ್ಲ ಇವಳಿಗೆ. ಮಾತಾಡಿ, ಇವಳ ಹತ್ರ ಮಾತಾಡಿ.”

“ಪ್ರಣೀ,” ಎಂದೆ.

ಆ ಕಡೆ ಸೈರನ್ನು. ಅದರ ನಡುವೆ ಅವಳ ದನಿ, “ಎಂತಾದ್ರೂ ಹೇಳಮ್ಮ. ಎಂತ ಮೀನು ಮಾಡಿದ್ದಿ ಹೇಳು.”

“ಇವತ್ತು ಎಂತದ್ದೂ ಇಲ್ಲ ಮಗಾ. ಶಿಬಿರಕ್ಕೆ ಬಂದದ್ದಲ್ವಾ? ಬರೀ ಗಂಜಿ, ಚಟ್ನಿ.”

“ಯಾವ ಚಟ್ನಿ?”

“ಹುರುಳಿದ್ದು. ನೀನು ಒಳಗೆ ಹೋಗು ಮಾರಾಯ್ತಿ, ಒಳಗೆ ಹೋಗಿ ಕೇಳು.”

ಅವಳು ಒಳಗೆ ಹೋದಳು. ಅವಳ ಮೈಗೆ ಏನೂ ಆಗಲಿಲ್ಲ. ನಿಮ್ಮ ವರದಿಯ ಭಾಷೆಯಲ್ಲಿ ಹೇಳುವುದಾದರೆ ಯಾವುದೇ ಅಹಿತಕರ ಘಟನೆ ನಡೆದಿಲ್ಲ. ಆದರೆ ಸೈರನ್ನು ನಿಂತ ಮೇಲೂ ಅವಳಿಗೆ ನಿಲ್ಲಲಿಲ್ಲ. ಕಣ್ಣು ಮುಚ್ಚಿದರೆ ನನ್ನ ಮುಚ್ಚಿದ ಕಣ್ಣು ಕಾಣುತ್ತದಂತೆ. ಅದು ಸರಿದರೆ, ಕಾಣದೇ ಹೋದ ತಂದೆಯ ಮುಖ. ಕ್ಲಿನಿಕ್ಕಿನಲ್ಲಿ ಒಬ್ಬರ ರಕ್ತದ ಸೀಸೆಗೆ ಇನ್ನೊಬ್ಬರ ಹೆಸರು ಅಂಟಿಸಿಬಿಟ್ಟಿದ್ದಳು. ಆಂಜೆಲಾ ನೋಡಿದ್ದರಿಂದ ಉಳಿಯಿತು. ಇನ್ನೊಂದು ಸಲ ಹಾಗಾದರೆ ಅವಳ ಕೆಲಸ ಹೋಗಬಹುದು, ಯಾರದೋ ಜೀವವೂ ಹೋಗಬಹುದು. ಇದೇ ನಮ್ಮ ಈಗಿನ ಸಂಕಟ, ಬೇರೆಯದಲ್ಲ.

ಊರಿಗೆ ಬಂದುಬಿಡು ಎಂದೆ. ರಜೆ ಇಲ್ಲ. ಯಾರ ಹತ್ತಿರವಾದರೂ ಮಾತಾಡು ಎಂದೆ. ಯಾರ ಹತ್ತಿರ? ನಿಮ್ಮ ಕರಪತ್ರದ ಕೊನೆಯಲ್ಲಿ ಸಹಾಯವಾಣಿಯ ಸಂಖ್ಯೆ ಇತ್ತಲ್ಲ, ಅದನ್ನು ಕೊಟ್ಟೆ. ಉಚಿತ ಕರೆಯ ಆ ಸಂಖ್ಯೆ ಪರದೇಶದಿಂದ ಸಿಗುವುದೇ ಇಲ್ಲ. ಅವಳ ಪರವಾಗಿ ಇಲ್ಲಿಂದ ನಾನೇ ಮಾಡಿದೆ. ನಮ್ಮ ಕರೆ ಅಮೂಲ್ಯವೆಂದೂ, ಕಚೇರಿಯ ವೇಳೆಯಲ್ಲಿ ಮಾತ್ರ ಸೇವೆ ಲಭ್ಯವೆಂದೂ ಹೆಂಗಸಿನ ಮುದ್ರಿತ ಧ್ವನಿ ತಿಳಿಸಿತು. ನಿದ್ದೆ ಬಾರದವರಿಗಾಗಿ ಹಗಲು ಹತ್ತರಿಂದ ಐದರವರೆಗೆ ತೆರೆದಿರುವ ಸಹಾಯವಾಣಿ. ಹಗಲಿನಲ್ಲಿ ನಿದ್ದೆ ಬಾರದೆ ಒದ್ದಾಡುವವರು ನಿಮ್ಮ ಕಚೇರಿಯಲ್ಲಿ ಎಷ್ಟು ಮಂದಿ ಇದ್ದಾರೆ, ಸ್ವಾಮೀ? ಅವರ ಮೇಲಿನ ಕಾಳಜಿಯೇ ಇದು?

ಇಷ್ಟಾದ ಮೇಲೆ ಮೊನ್ನೆ ಆಂಜೆಲಾಳ ತಾಯಿ, ಬರ್ತಾ ಬಾಯಿ ಎಂಬವರು, ಕಾರ್ಕಳದಿಂದ ಫೋನ್ ಮಾಡಿದರು. “ನಿಮ್ಮದು ದೊಡ್ಡ ಫೋಟೋ ಉಂಟು ಮಾರಾಯ್ರೆ ಬಸ್‌ಸ್ಟ್ಯಾಂಡಿನ ಎದುರು. ಹಾರ ಒಂದು ಬಾಕಿ. ನಾನು ಶಿಲುಬೆ ಗುರುತು ಮಾಡಿದೆ, ಮತ್ತೆ ನೆನಪಾಯ್ತು ನೀವು ಉಂಟಲ್ಲ ಅಂತ.” ಬರುವ ವಾರ ಕಾರ್ಕಳದಲ್ಲಿ ಶಿಬಿರವಂತೆ. ಆ ಊರಿನ ಮಕ್ಕಳೂ ಕೊಲ್ಲಿಯಲ್ಲಿದ್ದಾರೆ. ಅಲ್ಲಿಯೂ ಬುಟ್ಟಿ ತಿರುಗುತ್ತದೆ, ಅಲ್ಲಿಯೂ ದೀಪವಿರುತ್ತದೆ.

ಈಗ ನನಗೆ ನಿದ್ದೆ ಬಂದದ್ದು ಯಾಕೆಂದು ಹೇಳುತ್ತೇನೆ. ಆ ಒಂದು ಗಂಟೆ ನನ್ನ ಫೋನು ಬೇರೆಯವರ ಕೈಯಲ್ಲಿತ್ತು. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಕರೆ ಬಂದರೆ ಎತ್ತಬೇಕಾದವಳು ನಾನಲ್ಲ, ಇಷ್ಟೊಂದು ಜನ ಕೊರಳಿಗೆ ಗುರುತುಚೀಟಿ ಹಾಕಿಕೊಂಡು ಓಡಾಡುತ್ತಿದ್ದಾರೆ, ಯಾರಾದರೂ ನೋಡಿಕೊಳ್ಳುತ್ತಾರೆ ಎಂದು ಮೈ ನಂಬಿಬಿಟ್ಟಿತು. ಮೈಗೆ ನಿಮ್ಮ ಕಚೇರಿಯ ವಿಷಯ ಗೊತ್ತಿರಲಿಲ್ಲ. ನೀವು ಫೋನುಗಳನ್ನು ತೆಗೆದುಕೊಂಡಿರಿ, ಕಾಯುವ ಕೆಲಸವನ್ನು ತೆಗೆದುಕೊಳ್ಳಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ದೊಡ್ಡದಲ್ಲ. ಬ್ಯಾನರನ್ನು ಈ ಪತ್ರ ಓದಿದ ದಿನವೇ ಇಳಿಸಿ. ಕಾರ್ಕಳದಲ್ಲಿ ಯಾರ ಫೋನನ್ನೂ ಮುಟ್ಟಬೇಡಿ. ಕೊಲ್ಲಿಯಿಂದಲೂ ಸಿಗುವ ಒಂದು ಸಂಖ್ಯೆ ಕೊಡಿ. ಅದರ ಈ ತುದಿಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಬಲ್ಲ, ಕೆಲಸ ಕಲಿತ ಒಬ್ಬ ಮನುಷ್ಯ ಇರಲಿ, ಇರುಳಿನಲ್ಲಿ ಇರಲಿ. ನನ್ನ ಮಗಳು ಮಾತಾಡಿದರೆ ಕೇಳಲಿ, ಮಾತಾಡದಿದ್ದರೆ ಫೋನ್ ಇಡದೆ ಇರಲಿ. ನಾನು ಯಾವ ಚಟ್ನಿ ಎಂದು ಹೇಳಬಲ್ಲೆ. ಅದರ ಮುಂದಕ್ಕೆ ಏನು ಹೇಳಬೇಕೆಂದು ನನಗೆ ತಿಳಿಯದು, ಅದನ್ನು ತಿಳಿದವರನ್ನು ಇಟ್ಟುಕೊಳ್ಳಲೆಂದೇ ನಿಮ್ಮ ಕಚೇರಿ ಇರುವುದಲ್ಲವೇ?

ನಮ್ಮನ್ನು ಮಲಗಿಸುವ ಕಷ್ಟ ನಿಮಗೆ ಬೇಡ. ನಿಮ್ಮಲ್ಲಿ ಒಬ್ಬರು ಎಚ್ಚರವಿದ್ದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ.

ಇಂತಿ, ನಿಮ್ಮ ವರದಿಯಲ್ಲಿ ಗುಣಮುಖರಾದವರ ಪೈಕಿ ಒಬ್ಬಳು,

ಚಂಪಾ
ಉದ್ಯಾವರ