ಅಲ್ಲಾಡಿಸುವ ಮೊದಲೇ ಬರೆದ ಸೊನ್ನೆ

ಡಬ್ಬೊ, ಆಸ್ಟ್ರೇಲಿಯ
ಬುಧವಾರ

ಪ್ರೀತಿಯ ಫೋತು ಅತ್ತೆ,

ಇಲ್ಲಿನ ಜೇನು ಸಂಶೋಧನಾಲಯದಲ್ಲಿ ನಿನ್ನೆ ನನ್ನ ಮಾನ ಹರಾಜಾಯಿತು. ಜೇನ್ನೊಣಕ್ಕೆ ಅಂಟಿ ಹೀರುವ ನುಸಿಯನ್ನು ಉದುರಿಸಿ ಎಣಿಸಲೆಂದು ಮುನ್ನೂರು ನೊಣಗಳನ್ನು ಸಕ್ಕರೆ ಪುಡಿಯೊಡನೆ ಜಾಡಿಗೆ ಹಾಕಿ ಕೊಟ್ಟರು. ನಮ್ಮ ನಿಯುವೆ ದ್ವೀಪದಲ್ಲಿ ನುಸಿಯೇ ಇಲ್ಲವಲ್ಲ, ಕೈ ತನ್ನಷ್ಟಕ್ಕೆ ಪುಸ್ತಕದಲ್ಲಿ ಸೊನ್ನೆ ಬರೆದುಬಿಟ್ಟಿತು.

"ಲಿನೆತಾ, ಮೊದ್ಲು ಜಾಡಿ ಅಲ್ಲಾಡ್ಸೇ ತಾಯಿ, ಸೊನ್ನೆ ಎಲ್ಲಿಗೂ ಓಡಿಹೋಗಲ್ಲ!" ಎಂದು ವಿಜ್ಞಾನಿ ನೊರೀನ್ ಹೊಟ್ಟೆ ಹಿಡಿದು ನಕ್ಕಳು.

ಅಲ್ಲಾಡಿಸಿದೆ. ಜಾಡಿಯ ಮುಚ್ಚಳದ ಜಾಲರಿಯಿಂದ ಸಾಸಿವೆಯಷ್ಟು ಗಾತ್ರದ ಇಪ್ಪತ್ತಮೂರು ಕೆಂಪು ನುಸಿ ಉದುರಿದವು! ಜೇನ್ನೊಣಗಳು ಮಾತ್ರ ಸಕ್ಕರೆ ಮೆತ್ತಿಕೊಂಡು, ಭಾನುವಾರ ಚರ್ಚಿಗೆ ಹೊರಟ ನಮ್ಮ ಹೆಂಗಸರಂತೆ ಬೆಳ್ಳಗೆ ಗೂಡಿಗೆ ನಡೆದವು.

ಮೊನ್ನೆ ಜೇನ್ನೊಣ ಕುಟುಕಿದ್ದ ಮೂಗಿನ ಬಾವು ಇಳಿದಿದೆ. ನೀವು ಕೊಟ್ಟ ಜೇನು ಟೋಪಿಯಲ್ಲಿ ನುಸಿ ಊರಿಗೆ ಬಂದೀತೆಂದು ಅದನ್ನು ಇಲ್ಲೇ ಬಿಡುತ್ತೇನೆ, ಬೈಯಬೇಡಿ. ಈ ಶುಕ್ರವಾರ ನಮ್ಮ ಗೂಡುಗಳ ತಪಾಸಣೆಯಲ್ಲಿ ನೀವೂ ಜಾಡಿ ಅಲ್ಲಾಡಿಸಿಯೇ ಸೊನ್ನೆ ಬರೆಯಿರಿ. ಅಲ್ಲಾಡಿಸದೆಯೇ ಸೊನ್ನೆ ಬರೆಯುವ ಅಭ್ಯಾಸ ನನಗೆ ಕಲಿಸಿದ್ದು ಯಾರೆಂದು ನೊರೀನ್‌ಗೆ ಇನ್ನೂ ಹೇಳಿಲ್ಲ.

ನಿಮ್ಮ ಲಿನೆತಾ